ಊದುವವರ ತುಟಿ

ನಮ್ಮವರು ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವರು. ಮೀಸೆ ಚಿಗುರುವ ಮೊದಲೇ ಸೋದರಮಾವನ ಕೈಕೆಳಗೆ ಕಲಿತದ್ದು. ಉರಿಬಿಸಿಲಲ್ಲಿ ಮೆರವಣಿಗೆಗಳ ಮುಂದೆ ನಡೆದು ನಡೆದು ಮುಖ ಸುಟ್ಟ ಬದನೆಕಾಯಿಯಾಗಿದ್ದರೂ ಜಂಬ ಮಾತ್ರ ಬಾಡಿರಲಿಲ್ಲ. ಮನೆಯಲ್ಲಿ ತುಟಿ ಪಿಟಕ್ಕೆನ್ನದ ಮನುಷ್ಯ. ಸಿಟ್ಟು ಬಂದರೆ ಒಂದು ಧಾಟಿ, ಕಾಫಿ ಬೇಕಾದರೆ ಇನ್ನೊಂದು, ಎಲ್ಲ ಊದಿಯೇ ಹೇಳಬೇಕು. ಇಂಥವರ ಜೊತೆ ಬಾಳ್ವೆ ಮಾಡಿದ್ದೇನೆ ನೋಡಿ!

ಅವರ ಕೆಳತುಟಿಯ ಮೇಲೆ ಬಿಳಿ ಸಿಪ್ಪೆಯೊಂದು ಎದ್ದು, ಏನು ಮಾಡಿದರೂ ವಾಸಿಯಾಗಲಿಲ್ಲ. ಚರ್ಮದ ಡಾಕ್ಟರಮ್ಮ ಚೂರು ತೆಗೆದು ಪರೀಕ್ಷೆ ಮಾಡಿಸಿದರು. ಕ್ಯಾನ್ಸರ್. ಇನ್ನೂ ಮೇಲುಪದರದಲ್ಲೇ ಇತ್ತಂತೆ.

"ಕತ್ತರಿಸಿ ತೆಗೀಬಹುದು. ಆದ್ರೆ ತುಟಿ ಆಕಾರ ಬದಲಾಗುತ್ತೆ."

"ಊದೋಕಾಗುತ್ತಾ?" ಎಂದರು ನಮ್ಮವರು. ಬದುಕುತ್ತೇನಾ ಎಂದು ಕೇಳಲಿಲ್ಲ ಪುಣ್ಯಾತ್ಮ!

"ಖಾತ್ರಿ ಇಲ್ಲ. ಮೊದಲು ಮುಲಾಮು ನೋಡೋಣ. ಹಚ್ಚಿದ ಜಾಗದಲ್ಲೇ ಕೆಟ್ಟದ್ದನ್ನ ಸಾಯಿಸುತ್ತೆ. ವಾಸಿಯಾಗೋವರೆಗೆ ಊದೋ ಹಾಗಿಲ್ಲ. ಅದು ಕೆಲಸ ಮಾಡದಿದ್ರೆ ಕತ್ತರೀನೇ."

ಕನ್ನಡಿ ಮುಂದೆ ಕೂತು ಹತ್ತಿಕಡ್ಡಿಯಲ್ಲಿ ಬೆಳಿಗ್ಗೆ, ಸಂಜೆ ತಪ್ಪದೆ ಹಚ್ಚಿಕೊಂಡರು. ಉರಿಯಿಲ್ಲ, ಕೆಂಪಿಲ್ಲ. ಮದ್ದು ಮೈಗೆ ಒಗ್ಗಿತು ಎಂದು ನಾನು ಹಿಗ್ಗಿದೆ. ಮುಂದಿನ ಸಲ ತುಟಿ ನೋಡಿದ ಡಾಕ್ಟರಮ್ಮನ ಮುಖ ಇಳಿದುಹೋಯಿತು.

"ಇಷ್ಟೊತ್ತಿಗೆ ಉರಿದು ಸುಲೀಬೇಕಿತ್ತಲ್ಲ! ಇನ್ನೊಂದು ಸಲ ನೋಡ್ತೀನಿ. ಆಗ್ಲೂ ಹೀಗೇ ಇದ್ರೆ ಕಾಯೋಕಾಗಲ್ಲ."

ನಮ್ಮವರು ಮನೆಗೆ ಬಂದು ಮುಲಾಮು ಹಚ್ಚಿಕೊಂಡು ರೇಡಿಯೋ ಮುಂದೆ ಕೂತರು. ಹಾಡಿನ ನಡುವೆ ಟ್ರಂಪೆಟ್ ಬರುವ ಹೊತ್ತು. ಬೆರಳು ಮೊಣಕಾಲ ಮೇಲೆ ಆಡತೊಡಗಿತು. ಸರಕ್ಕನೆ ನಾಲಿಗೆ ಹೊರಬಂದು ಕೆಳತುಟಿಯನ್ನು ಸವರಿಕೊಂಡು ಒಳಗೆ ಹೋಯಿತು.

"ಅಯ್ಯೋ, ನೆಕ್ತಿದ್ದೀರಲ್ರೀ!"

"ಯಾರು?"

"ನಿಮ್ಮ ತಾತ!"

ಊದುವ ಮುಂಚೆ ತುಟಿ ಒದ್ದೆ ಮಾಡಿಕೊಳ್ಳುವುದು ಅವರ ಕಸುಬಿನ ಚಾಳಿ. ಮನಸ್ಸಿನೊಳಗೆ ದಿನವಿಡೀ ಊದುವವರಿಗೆ ನಾಲಿಗೆಯೂ ದಿನವಿಡೀ ದುಡಿಯುತ್ತಿತ್ತು. ಮದ್ದೆಲ್ಲ ಹೊಟ್ಟೆ ಸೇರಿತ್ತು. ಫೋನಿನಲ್ಲಿ ಹೇಳಿದ್ದಕ್ಕೆ, ಅದು ಹೊಟ್ಟೆಗೆ ಹೋಗಲೇಬಾರದು ಎಂದು ಡಾಕ್ಟರಮ್ಮ ಇಬ್ಬರಿಗೂ ಸೇರಿಸಿ ಉಗಿದರು.

ಅಂದಿನಿಂದ ರೇಡಿಯೋ ಬಂದ್. ನಾನು ಎದುರಿಗೇ ಕುರ್ಚಿ ಹಾಕಿಕೊಂಡು ಕೂತೆ. ನಾಲಿಗೆಯ ತುದಿ ಕಂಡರೆ ಸಾಕು, "ನಾಲಿಗೆ!" ಎಂದು ಗದರುತ್ತಿದ್ದೆ. ಕೊನೆಗೂ ತುಟಿ ಕೆಂಪಾಯಿತು. ಊದಿಕೊಂಡಿತು, ಬಿರಿಯಿತು, ರಸಿಗೆ ಕಟ್ಟಿತು. ಫೋಟೋ ನೋಡಿದ ಡಾಕ್ಟರಮ್ಮ, ಹೀಗೇ ಆಗಬೇಕು, ನಿಲ್ಲಿಸಬೇಡಿ ಎಂದರು. ಗಂಜಿ ಕುಡಿಯಲೂ ಕಣ್ಣಲ್ಲಿ ನೀರು. ಹತ್ತಿಕಡ್ಡಿ ಇಸಿದುಕೊಂಡು ನಾನೇ ಹಚ್ಚತೊಡಗಿದೆ.

ಒಂದು ಬೆಳಿಗ್ಗೆ, ಆಗಷ್ಟೇ ಹಚ್ಚಿಸಿಕೊಂಡಿದ್ದನ್ನು ತೊಳೆಯಲು ಎದ್ದು ನಲ್ಲಿ ತಿರುಗಿಸಿದರು.

"ಕತ್ತರಿಸ್ಲಿ ಬಿಡು. ನನ್ನಿಂದಾಗಲ್ಲ."

ನಾನು ರಟ್ಟೆ ಹಿಡಿದು ಎಳೆದೆ. "ಆಮೇಲೆ ದಿನಾ ಆ ಟ್ರಂಪೆಟ್ ನೋಡ್ಕೊಂಡು ಹಲುಬ್ತೀರಲ್ಲ, ಅದನ್ನ ಯಾರು ನೋಡೋದು? ನನ್ನಿಂದಾಗಲ್ಲ!"

ನನ್ನನ್ನು ದುರುಗುಟ್ಟಿ ನೋಡಿದರು. ನಲ್ಲಿ ನಿಲ್ಲಿಸಿ, ಬಂದು ಕುರ್ಚಿಯಲ್ಲಿ ಕೂತರು.

ಮುಲಾಮು ಮುಗಿದು ಹೊಸ ಚರ್ಮ ಬಂದ ಮೇಲೆ ಡಾಕ್ಟರಮ್ಮ ಮತ್ತೆ ಚೂರು ತೆಗೆದು ನೋಡಿಸಿದರು. ಏನೂ ಉಳಿದಿರಲಿಲ್ಲ. ಆ ಗಾಯವೂ ಮಾಯಿತು, ಇನ್ನು ಊದಬಹುದು ಎಂದರು. ಆದರೆ ಈ ಮಹಾರಾಯರು ಟ್ರಂಪೆಟ್ಟಿನ ಹತ್ತಿರವೂ ಸುಳಿಯಲಿಲ್ಲ. ಯಾಕೆ ಎಂದರೆ ನೆಲ ನೋಡುತ್ತಾ, "ಸ್ವರ ಬರದಿದ್ರೆ?" ಎಂದರು.

ನನಗೆ ರೇಗಿತು. ನಾನೇ ಎತ್ತಿಕೊಂಡು ಊದಿದೆ. ಎಮ್ಮೆ ಕೆಮ್ಮಿದ ಸದ್ದು!

"ಕೊಡೇ ಇಲ್ಲಿ, ಮಾನ ಕಳೀಬೇಡ!" ಎಂದು ಕಸಿದುಕೊಂಡರು.

ಊದಿದರು. ಬರೀ ಗಾಳಿ. ಮತ್ತೆ ಊದಿದರು. ಬರೀ ಗಾಳಿ. ನಾನು ಸೆರಗಿನ ತುದಿ ಕಚ್ಚಿ ನಿಂತೆ. ಇನ್ನೊಮ್ಮೆ ಊದಿದಾಗ ಸ್ವರ ಬಂತು, ಒರಟಾಗಿ, ನಡುಗುತ್ತಾ.

ಟ್ರಂಪೆಟ್ ಕೆಳಗಿಳಿಸಿ ನನ್ನ ಕಡೆ ನೋಡಿದರು. "ಇನ್ನೊಂದ್ಸಲ ಕೇಳ್ತೀಯಾ?" ಎಂದರು. ಹೂಂ ಎನ್ನಲು ಹೋದೆ, ಅಳುವೇ ಬಂತು.