ನಾಲ್ವರ ನಡುವೆ ನಿಲ್ಲದ ವೈನಿ

ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಕರಾಟೆ ಕಲಿಯಲು ಬಂದವರಲ್ಲ. ನನ್ನನ್ನು ಕಾಯಲು ಬಂದವರು.

ಎಂಬತ್ತರ ದಶಕದ ಮೊದಲ ವರ್ಷಗಳವು. ನನಗೆ ಪುಣೆಯ ಹತ್ತಿರದ ಚಿಂಚವಾಡದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಲೋಕಲ್ ರೈಲಿನಿಂದ ಇಳಿದು ಕಾರ್ಖಾನೆಗೆ ನಡೆಯುವ ದಾರಿಯಲ್ಲಿ ಕೆಲವು ಪುಂಡರು ದಿನವೂ ಅಡ್ಡ ನಿಲ್ಲುತ್ತಿದ್ದರು. ಒಂದು ದಿನ ನಾನು ಅಳುತ್ತ ಮನೆಗೆ ಬಂದಾಗ ಅಪ್ಪ ಕೆಲಸ ಬಿಡು ಎಂದರು. ಅಣ್ಣ ಬೇರೆ ದಾರಿ ಹುಡುಕಿದ. ಪುಣೆಯ ಸ್ವಾರಗೇಟ ಬಸ್ ಸ್ಟ್ಯಾಂಡಿನ ಹತ್ತಿರವೇ ನಮ್ಮ ಮನೆ. ಅಲ್ಲಿಂದ ಎರಡು ಓಣಿ ಆಚೆ, ಒಂದು ಶಾಲೆಯ ಅಂಗಳದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಕರಾಟೆ ಕಲಿಸುತ್ತಿದ್ದರು. ಅಪ್ಪ ಒಲ್ಲದ ಮನಸ್ಸಿನಿಂದ ಒಪ್ಪಿದರು.

"ಒಬ್ಬಾಕಿನ್ನ ಕಳಸೂದಿಲ್ಲ. ವೈನಿ ಸಂಗಾಟ ಹೋಗ್ಲಿ" ಎಂದರು.

ವೈನಿ ವಿಜಾಪುರದ ಕಡೆಯ ಒಂದು ಸಣ್ಣ ಊರಿನವರು. ಆಗ ಮೂವತ್ತರ ಆಸುಪಾಸು, ಎರಡು ಮಕ್ಕಳ ತಾಯಿ. ಪುಣೆಗೆ ಬಂದು ಹತ್ತು ವರ್ಷವಾದರೂ ಮರಾಠಿ ಮಾತಾಡಲು ನಾಚುತ್ತಿದ್ದರು. ಕಾಯಿಪಲ್ಯದವಳ ಹತ್ತಿರವೂ ಬೆರಳು ತೋರಿಸಿಯೇ ಕೆಲಸ ಮುಗಿಸುವರು. ನಾವು ಅಂಗಳದಲ್ಲಿ ಒದೆಯುತ್ತ, ಗುದ್ದುತ್ತ, ಕೂಗುತ್ತ ಇದ್ದರೆ ಅವರು ಶಾಲೆಯ ಮೆಟ್ಟಿಲ ಮೇಲೆ ಕುಳಿತು ಮಧ್ಯಾಹ್ನದ ಅಡುಗೆಗೆ ಮೆಂತ್ಯೆ ಸೊಪ್ಪು ಬಿಡಿಸಿ ಸೋಸುತ್ತಿದ್ದರು.

ಕಲಿಸುವವರು ಕಾರ್ಖಾನೆಯಲ್ಲಿ ಲೇಥ್ ಯಂತ್ರ ನಡೆಸುವ ಕೆಲಸದವರು. ಬೀದರ ಕಡೆಯವರು, ನನಗಿಂತ ಎರಡು ಬೆರಳು ಗಿಡ್ಡ. ನಮ್ಮಿಬ್ಬರ ಮಾತು ಕಿವಿಗೆ ಬಿದ್ದ ದಿನವೇ ಅವರು ನಮ್ಮ ಮಟ್ಟಿಗೆ ಮರಾಠಿ ಬಿಟ್ಟು ಕನ್ನಡಕ್ಕೆ ಇಳಿದರು. ಒಬ್ಬರ ಎದುರು ಒಬ್ಬರು ಹೋರಾಡುವುದನ್ನು ಅವರು ಬೇಗ ಮುಗಿಸಿದರು. "ಖರೇ ಜಗಳದಾಗ ಒಬ್ಬಾಂವ ಬರೂದಿಲ್ರಿ. ಒಬ್ಬಾಂವಗ ಧೈರ್ಯ ಇರೂದಿಲ್ಲ. ನಾಕು ಮಂದಿ ಕೂಡೇ ಬರ್ತಾರ" ಎನ್ನುತ್ತಿದ್ದರು.

ಅದಕ್ಕಾಗಿ ಅವರದೊಂದು ಆಟವಿತ್ತು. ಒಬ್ಬರನ್ನು ನಡುವೆ ನಿಲ್ಲಿಸಿ, ಸುತ್ತಲೂ ನಾಲ್ವರು. ಆ ನಾಲ್ವರ ಅಂಗೈಗೆ ಸೀಮೆಸುಣ್ಣದ ಪುಡಿ. ಮಾಸ್ತರರು ನೂರು ಎಣಿಸುವುದರೊಳಗೆ ನಡುವಿನವರ ಬಟ್ಟೆಯ ಮೇಲೆ ಎಷ್ಟು ಬಿಳಿ ಕೈಗುರುತು ಬೀಳುತ್ತವೆ ಎಂಬುದರ ಮೇಲೆ ಸೋಲು ಗೆಲುವು. ನನ್ನ ಮೇಲೆ ಯಾವಾಗಲೂ ಹತ್ತಕ್ಕೆ ಕಡಿಮೆ ಬೀಳುತ್ತಿರಲಿಲ್ಲ. ಒಬ್ಬರನ್ನು ತಡೆಯುವಷ್ಟರಲ್ಲಿ ಉಳಿದ ಮೂವರು ಬೆನ್ನು ತುಂಬ ಬಾರಿಸಿರುತ್ತಿದ್ದರು.

ಒಂದು ಭಾನುವಾರ ಮಂದಿ ಕಡಿಮೆ ಬಂದಿದ್ದರು. ಮಾಸ್ತರರು ಮೆಟ್ಟಿಲ ಕಡೆ ತಿರುಗಿ, "ಅಕ್ಕಾರ, ನೀವ ಬರ್ರಿ. ಈಕಿಗೆ ನಾಕನೇದವ್ರು ಬೇಕಾಗ್ಯಾರ" ಎಂದರು.

"ನಾ ಯಾಕ್ರಿ? ನನಗೇನ ಬರ್ತದ?"

"ಏನೂ ಬರೂದು ಬ್ಯಾಡ್ರಿ. ಕೈಗೆ ಪುಡಿ ಹಚ್ಚಿ ಹೊಡೀರಿ."

ವೈನಿ ಮೆಂತ್ಯೆಯ ಪುಟ್ಟಿ ಬದಿಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದರು. ನನ್ನ ಬೆನ್ನಿಗೆ ಬಲವಾಗಿಯೇ ಬಾರಿಸಿದರು. ಆಮೇಲೆ ಮಾಸ್ತರರು ತಮಾಷೆಗೆ ಅವರನ್ನೇ ನಡುವೆ ನಿಲ್ಲಿಸಿದರು. ಎಣಿಕೆ ಶುರುವಾಯಿತು. ವೈನಿ ನಡುವೆ ನಿಲ್ಲಲೇ ಇಲ್ಲ. ಮೊದಲ ಕ್ಷಣದಲ್ಲೇ ಹತ್ತಿರವಿದ್ದ ಹುಡುಗಿಯ ಮಗ್ಗುಲಿಗೆ ಸರಿದು, ಅವಳ ಭುಜ ಹಿಡಿದು ಉಳಿದವರಿಗೆ ಅಡ್ಡ ಮಾಡಿಕೊಂಡರು. ಉಳಿದ ಮೂವರು ಸುತ್ತಿ ಬಂದರೆ ಅವರು ಇನ್ನೊಬ್ಬಳ ಹೊರಮಗ್ಗುಲಿಗೆ. ಯಾವಾಗ ನೋಡಿದರೂ ನಾವು ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತಿರುತ್ತಿದ್ದೆವು, ಅವರ ಎದುರಿಗೆ ಒಬ್ಬಳೇ ಇರುತ್ತಿದ್ದಳು. ನೂರು ಮುಗಿದಾಗ ಅವರ ಸೀರೆಯ ಮೇಲೆ ಎರಡೇ ಗುರುತು.

ಮಾಸ್ತರರು ಬೆರಗಾಗಿ, "ಎಲ್ಲಿ ಕಲ್ತೀರಿ ಇದನ್ನ?" ಎಂದರು.

"ಕಲಿಯೂದೇನ್ರಿ? ತವರಮನ್ಯಾಗ ಎಮ್ಮಿ ಭಾಳ ಇದ್ದವು. ನೀರಿಗೆ ಬಿಟ್ಟಾಗ ಎಲ್ಲಾ ಕೂಡಿ ನುಗ್ತಾವ. ನಡುವ ಸಿಕ್ಕರ ಮುಗೀತು. ಒಂದರ ಮಗ್ಗಲಾ ಹಿಡದು ಹೊರಗ ಬರಬೇಕು."

"ನಾ ಮೂರು ವರ್ಷ ಬಡಕೊಂಡರೂ ಈ ಮಂದಿ ತಲ್ಯಾಗ ಹೋಗಿಲ್ಲ" ಎಂದು ಮಾಸ್ತರರು ನಮ್ಮನ್ನೆಲ್ಲ ನೋಡಿ ನಕ್ಕರು. ಮುಂದಿನ ವಾರದಿಂದ ವೈನಿಯನ್ನು ಮೆಟ್ಟಿಲ ಮೇಲೆ ಕೂರಲು ಬಿಡಲಿಲ್ಲ. ಅವರು ನನ್ನ ಹಳೆಯ ಸಲ್ವಾರ್ ತೊಟ್ಟು ಕಲಿತರು. ಈ ಸುದ್ದಿಯ ಬಗ್ಗೆ ಮನೆಯಲ್ಲಿ ಇಬ್ಬರೂ ಬಾಯಿ ಬಿಡಲಿಲ್ಲ.

ಶಾಲೆಯ ಗೋಡೆಯ ಮೇಲೆ ಕುಳಿತು ನಮ್ಮನ್ನು ಗೇಲಿ ಮಾಡುವ ನಾಲ್ವರಿದ್ದರು. ಇಪ್ಪತ್ತೈದರ ಸುತ್ತಿನ ಗಂಡಸರು, ಕೆಲಸವಿಲ್ಲದವರು. ಮಾಸ್ತರರು ಒಮ್ಮೆ ಗದರಿಸಿ ಎಬ್ಬಿಸಿದ್ದರು. ನಾನು ಕಲಿಯಲು ಸೇರಿ ಸುಮಾರು ಒಂದು ವರ್ಷವಾದಾಗ, ಒಂದು ಭಾನುವಾರ ಕ್ಲಾಸು ಮುಗಿಸಿ ಮರದ ಅಡ್ಡೆಯ ಪಕ್ಕದ ಓಣಿಯಲ್ಲಿ ಬರುತ್ತಿದ್ದಾಗ ಅವರೇ ಎದುರಾದರು. ಬೆಳಗಿನ ಹತ್ತೂವರೆ. ಒಂದು ಕಡೆ ಅಡ್ಡೆಯ ಎತ್ತರದ ಗೋಡೆ, ಇನ್ನೊಂದು ಕಡೆ ಸಾಲಾಗಿ ನಿಲ್ಲಿಸಿದ ಕೈಗಾಡಿಗಳು.

"ಕಾಯ್ ಗ, ಕರಾಟೆ ದಾಖವ್ ನಾ" ಎಂದು ಒಬ್ಬ ಮರಾಠಿಯಲ್ಲಿ ಕರಾಟೆ ತೋರಿಸೆಂದು ಅಣಕಿಸುತ್ತ ನನ್ನ ಓಢಣಿ ಹಿಡಿದೆಳೆದ. ಉಳಿದ ಮೂವರು ಸುತ್ತುಗಟ್ಟಿದರು. ಒಂದು ವರ್ಷ ಬೆವರು ಸುರಿಸಿ ಕಲಿತ ನಾನು ಕಂಬದ ಹಾಗೆ ನಿಂತುಬಿಟ್ಟೆ. ಕೈ ಮೇಲೇಳಲೇ ಇಲ್ಲ.

ವೈನಿ ಮುಂದೆ ಬಂದರು. ಓಢಣಿ ಹಿಡಿದವನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದು, ತಿರುವುತ್ತ ಅವನ ಹೊರಮಗ್ಗುಲಿಗೆ ಹೋದರು. ಅವನು ನೋವಿಗೆ ಬಗ್ಗಿದ. ಅವನ ಮೊಣಕೈಗೆ ತಮ್ಮ ಭಾರವನ್ನೆಲ್ಲ ಹಾಕಿ ಮುಂದಕ್ಕೆ ನೂಕಿದರು. ಅವನು ಗೋಡೆಯ ಕಡೆಗಿದ್ದ ಇಬ್ಬರ ಮೇಲೆ ಹೋಗಿ ಬಿದ್ದ. ಮೂವರೂ ಗೋಡೆಗೆ ಒರಗಿದರು. ಅಷ್ಟರಲ್ಲಿ ನಾಲ್ಕನೆಯವನು ಕೈಗಾಡಿಯ ಕಡೆಯಿಂದ ಬಂದು ವೈನಿಯ ಕೂದಲಿಗೆ ಕೈ ಹಾಕಿದ. ಅವರು ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವನ ಕಡೆಗೇ ನುಗ್ಗಿ, ಅಂಗೈಯ ಬುಡದಿಂದ ಗದ್ದಕ್ಕೆ ಕೆಳಗಿನಿಂದ ಹೊಡೆದರು. ಅವನ ಹಲ್ಲು ಕಟಕ್ಕೆಂದ ಸದ್ದು ನನಗೆ ಕೇಳಿಸಿತು. ಅವನ ಹಿಡಿತ ಬಿಟ್ಟಿತು. ದಾರಿ ತೆರೆಯಿತು.

"ಓಡು!" ಎಂದರು. ನಾನು ಆಗಲೂ ಅಲುಗದೆ ಇದ್ದದ್ದನ್ನು ಕಂಡು ರಟ್ಟೆ ಹಿಡಿದು ಎಳೆದುಕೊಂಡೇ ಓಡಿದರು. ದೊಡ್ಡ ರಸ್ತೆಗೆ ಬಂದಾಗ, ಮರಾಠಿ ಆಡಲು ನಾಚುತ್ತಿದ್ದ ನನ್ನ ವೈನಿ ರಿಕ್ಷಾದವರ ಗುಂಪಿಗೆ ಕೇಳುವಂತೆ ನಡೆದದ್ದನ್ನು ಶುದ್ಧ ಮರಾಠಿಯಲ್ಲಿ ಕೂಗಿ ಹೇಳಿದರು. ರಿಕ್ಷಾದವರು ಓಣಿಗೆ ನುಗ್ಗಿದರು. ಅಷ್ಟರೊಳಗೆ ಆ ನಾಲ್ವರು ಪರಾರಿಯಾಗಿದ್ದರು.

ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತ ಮೇಲೆ ನೋಡಿದರೆ ವೈನಿಯ ಬಳೆಗಳು ಒಡೆದು ಮಣಿಕಟ್ಟಿನಿಂದ ರಕ್ತ ಇಳಿಯುತ್ತಿತ್ತು. ಯಾರೋ ಚಹಾ ತಂದುಕೊಟ್ಟರು. 

"ವೈನಿ, ನನಗ ಏನೂ ಮಾಡಲಿಕ್ಕೆ ಆಗಲಿಲ್ರೀ. ಹೆದರಿದೆ" ಎಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ನಾ ಏನ ಹೆದರಿಲ್ಲಂತ ಮಾಡೀಯೇನು? ಕಾಲು ನೋಡು, ಇನ್ನಾ ನಡಗಾಕತ್ತಾವ" ಎಂದು ನನ್ನ ಕಣ್ಣು ಒರೆಸಿದರು.

ಮನೆಯಲ್ಲಿ ವೈನಿಯ ಬಳೆಯಿಲ್ಲದ ಕೈ ನೋಡಿ ಅವ್ವ ಗಾಬರಿಯಾದರು. ವೈನಿ ಏನನ್ನೂ ಮುಚ್ಚಿಡಲಿಲ್ಲ; ಸಲ್ವಾರ್ ತೊಟ್ಟು ಕಲಿತದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದರು. ಅಪ್ಪ ಕೈಯಲ್ಲಿದ್ದ ಪೇಪರನ್ನು ಮಡಚಿ ಎದ್ದು ಒಳಗೆ ಹೋದರು. ಕ್ಲಾಸು ಮುಗಿಯಿತು ಎಂದುಕೊಂಡೆ. ಆದರೆ ಮುಂದಿನ ಭಾನುವಾರ ಬೆಳಿಗ್ಗೆ ಅಪ್ಪನೇ ಅಡುಗೆಮನೆಯ ಬಾಗಿಲಿಗೆ ಬಂದು ವೈನಿಗೆ, "ಯವ್ವಾ, ಮಕ್ಕಳನ್ನ ನಾ ನೋಡ್ಕೋತೀನಿ. ನಿಮಗ ಹೊತ್ತಾತು, ನಡೀರಿ" ಎಂದರು. ಅಂಗಳದ ತನಕ ಅಣ್ಣ ನಮ್ಮ ಜೊತೆಗೆ ನಡೆದ.

ಮಾಸ್ತರರು ಹೊಗಳಲಿಲ್ಲ. ನಡೆದದ್ದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳಿಸಿಕೊಂಡು, ಕೂದಲನ್ನು ಸಡಿಲ ಬಿಟ್ಟು ಬಂದದ್ದು ತಪ್ಪು ಎಂದರು. ಆಮೇಲೆ ಹೊಸದಾಗಿ ಸೇರಿದ ಆರು ಹುಡುಗಿಯರನ್ನು ವೈನಿಯ ಎದುರು ನಿಲ್ಲಿಸಿ, "ಇವತ್ತಿನಿಂದ ಇವರನ್ನ ನೀವು ತಯಾರ ಮಾಡ್ರಿ" ಎಂದು ಹೇಳಿ ತಾವು ಗಂಡುಹುಡುಗರ ಕಡೆ ಹೊರಟುಹೋದರು.

ಅಣ್ಣನಿಗೆ ಬೇರೆ ಊರಿಗೆ ವರ್ಗವಾಗುವ ತನಕ, ನಾಲ್ಕೈದು ವರ್ಷ, ವೈನಿ ಅಲ್ಲಿ ಕಲಿಸಿದರು. ಹತ್ತಿರದ ಕಟ್ಟಡಗಳಲ್ಲಿ ಕೆಲಸಕ್ಕಿದ್ದ ಕಲಬುರಗಿ, ಯಾದಗಿರಿ ಕಡೆಯ ಹೆಂಗಸರೂ ಬರತೊಡಗಿದರು. ಅವರಿಗೆ ಮರಾಠಿಯಲ್ಲಿ ಎಣಿಸಲು ಬರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಆ ಓಣಿಯಲ್ಲಿ ಹೋಗುವವರಿಗೆ ಗೋಡೆಯಾಚೆಯಿಂದ ವೈನಿಯ ಗಟ್ಟಿ ದನಿ ಕೇಳಿಸುತ್ತಿತ್ತು: ಒಂದು, ಎರಡು, ಮೂರು, ನಾಕು.