ಹುಣಸೆಯ ಸಸಿ ಗುರುತಿಸಿದ ಆಂಟಿ

ಆಂಟಿಯ ಎಡಗೈಯ ಕಿರುಬೆರಳು ಕುಡುಗೋಲಿನ ಹಾಗೆ ಹೊರಕ್ಕೆ ಬಾಗಿತ್ತು. ಚಹಾದ ಲೋಟ ಹಿಡಿದಾಗ ಅದೊಂದೇ ಬೆರಳು ಗಾಳಿಯಲ್ಲಿ ನಿಲ್ಲುತ್ತಿತ್ತು. ನನ್ನ ಮಗಳು ಅದನ್ನೊಂದು ಗತ್ತು ಎಂದುಕೊಂಡಿದ್ದಳು. ಗದಗಿನ ಹಾಕಿ ಮೈದಾನದಲ್ಲಿ ಎದುರಾಳಿಯ ಸ್ಟಿಕ್ ಬಿದ್ದು ಮುರಿದದ್ದಂತೆ. ಹಿಂದೆ ನಿಂತು ಎದುರಾಳಿಯನ್ನು ತಡೆಯುವ ಬ್ಯಾಕ್ ಆಡಿದವರು; ಆಮೇಲೆ ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರು. ಡಲ್ಲಾಸಿನಲ್ಲಿ ತಮ್ಮ ಮಗಳ ಜೊತೆ ಇರಲು ಬಂದು ನಮ್ಮ ಪಕ್ಕದ ಮನೆಯ ಆಂಟಿಯಾದರು.

ಹೊರಗೆ ಕಾರಿನ ಬಾಗಿಲು ಮುಟ್ಟಲಾಗದ ಬಿಸಿಲು. ಒಳಗೆ, ಐಸ್ ಹಾಕಿಯ ರಿಂಕಿನ ಮಂಜುಗಡ್ಡೆಯ ಚಳಿಯಲ್ಲಿ, ಆಂಟಿ ಮಂಕಿ ಕ್ಯಾಪ್ ಹಾಕಿ ಶಾಲು ಹೊದ್ದು ಶನಿವಾರವೆಲ್ಲ ನನ್ನ ಪಕ್ಕ ಕೂರುತ್ತಿದ್ದರು. ಎಲ್ಲರ ಕಣ್ಣು ಪಕ್ ಎಂಬ ಕರಿಬಿಲ್ಲೆಯ ಮೇಲಿದ್ದರೆ ಅವರದು ತಮ್ಮ ಹಾಗೆಯೇ ಹಿಂದೆ ನಿಂತು ಡಿಫೆನ್ಸ್ ಆಡುವ ನನ್ನ ಮಗಳ ಕಾಲಿನ ಮೇಲೆ.

"ಹಿಂದಕ್ಕ ಹೆಂಗ ಜಾರ್ತಾಳ ನೋಡ್ರೀ ಸರ! ಇದನ್ನ ಕಲಿಸಾಕ ಬರೂದಿಲ್ಲ."

ಒಮ್ಮೆ ನಮ್ಮ ಮನೆಯ ಟಿವಿಯಲ್ಲಿ, ದೊಡ್ಡ ಲೀಗಿನ ತಂಡಗಳು ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಬರುತ್ತಿತ್ತು. ಗೋಲು ಹೊಡೆಯುವವರನ್ನು ಬಿಟ್ಟು, ಇನ್ನೂ ಎಡವುವ ಒಬ್ಬ ಉದ್ದನೆಯ ಡಿಫೆನ್ಸ್ ಹುಡುಗನನ್ನು ಮೊದಲೇ ಎತ್ತಿಕೊಂಡರು. "ಇವರಿಗೇನು ತಲೆ ಕೆಟ್ಟಿದೆಯಾ?" ಎಂದೆ.

"ತಲಿ ಇದ್ದದ್ದಕ್ಕ ತಗೊಂಡಾರ. ಫಾರ್ವರ್ಡ್ ಅಂದ್ರ ಮೆಂತೆಪಲ್ಲೆ, ಹಾಕಿದ ತಿಂಗಳಿಗೆ ಕೊಯ್ಯಬಹುದು. ಬ್ಯಾಕ್ ಅಂದ್ರ ಹುಣಸಿ ಗಿಡ. ವರ್ಷಗಟ್ಲೆ ಕಾಯಬೇಕು. ಫಲ ಬಿಟ್ಟ ಮ್ಯಾಲೆ ಅಂಥಾ ಗಿಡ ಯಾರ್ ಬಿಟ್ಟ ಕೊಡ್ತಾರ? ಸಸಿ ಇದ್ದಾಗನ ಗುರ್ತು ಹಿಡೀಬೇಕು."

ಮುಂದಿನ ತಿಂಗಳೇ ಮಗಳು ಆಸೆಪಟ್ಟಿದ್ದ ದೊಡ್ಡ ತಂಡಕ್ಕೆ ಆಯ್ಕೆ. ಹಿಂದಿನ ವರ್ಷ ಅವಳನ್ನು ಕೈಬಿಟ್ಟಿದ್ದರು. ಈ ಸಲವೂ ಆಗದಿದ್ದರೆ ಸ್ಕೇಟ್ ಮುಟ್ಟುವುದಿಲ್ಲ ಎಂದಿದ್ದಳು. ಹೆದರಿದ ನಾನು ಆಯ್ಕೆಯ ದಿನ ಕಾರಿನಲ್ಲಿ, "ರಿಸ್ಕ್ ಬೇಡ ಪುಟ್ಟಿ, ಪಕ್ ಬಂದರೆ ದೂರ ಹೊಡೆದುಬಿಡು," ಎಂದು ಹತ್ತು ಸಲ ಹೇಳಿದೆ. ಅವಳು ಹಾಗೇ ಮಾಡಿದಳು. ಅರ್ಧ ಆಟದವರೆಗೆ ಒಂದೂ ತಪ್ಪಿಲ್ಲ. ಕೋಚ್ ಒಮ್ಮೆಯೂ ಅವಳತ್ತ ನೋಡಲಿಲ್ಲ.

"ಏನ್ ಹೇಳಿ ಕಳಿಸೀರಿ ಸರ?"

ಕಾರಿನಲ್ಲಿ ಹೇಳಿದ್ದನ್ನು ಒಪ್ಪಿಕೊಂಡೆ.

"ದೂರ ಹೊಡದ್ರ ಯಾರೂ ಬೈಯೂದಿಲ್ಲ, ಖರೆ. ಯಾರೂ ಆರಿಸೂದೂ ಇಲ್ಲ."

ವಿರಾಮದಲ್ಲಿ ನೇರ ಅವಳ ಬಳಿಗೇ ನಡೆದರು. "ಯವ್ವಾ, ಪಕ್ ಹಿಡಕೊಂಡ ಮುಂದ ಹೋಗು. ಒಂದ್ ನಾಕ್ ತಪ್ಪು ಮಾಡಿ ಬಾ."

"ಬಟ್ ಅಪ್ಪ ಸೆಡ್..."

"ನಿಮ್ಮಪ್ಪ ಎಷ್ಟ್ ಮ್ಯಾಚ್ ಆಡ್ಯಾರ ಕೇಳು! ಅವರನ್ನ ನಾ ಹಿಡಕೋತೀನಿ."

ಹಿಡಿದುಕೊಂಡೇ ಬಿಟ್ಟರು. ಮಗಳು ಪಕ್ ಹಿಡಿದು ಇಬ್ಬರನ್ನು ದಾಟಿ, ಮೂರನೆಯವಳಿಗೆ ಕಳೆದುಕೊಂಡಳು. ಅದು ಸೀದಾ ನಮ್ಮ ಗೋಲಿಗೆ. ನಾನು ಕಣ್ಣು ಮುಚ್ಚಿದೆ. ಆ ಡೊಂಕು ಬೆರಳು ನನ್ನ ಮಣಿಕಟ್ಟಿಗೆ ಒತ್ತಿತು. "ಕಣ್ಣು ಬಿಡ್ರೀ. ಈಗ ನೋಡೂದೈತಿ."

ಮಗಳು ಮತ್ತೆ ಪಕ್ ಕೇಳುತ್ತಿದ್ದಳು. ಮತ್ತೆ ಹೊರಟಳು, ಇನ್ನೆರಡು ಸಲ ಕಳೆದುಕೊಂಡಳು, ಓಡಿಬಂದು ಕಸಿದುಕೊಂಡಳು. ಕೋಚ್ ಬರೆಯುವುದನ್ನು ನಿಲ್ಲಿಸಿ ಅವಳನ್ನೇ ನೋಡತೊಡಗಿದ.

ಕೊನೆಗೆ ಅವನೇ ಬಂದು, ಅವಳು ತಂಡದಲ್ಲಿದ್ದಾಳೆ ಎಂದ. ತಪ್ಪುಗಳನ್ನು ತಾನು ತಿದ್ದಬಲ್ಲೆ, ಧೈರ್ಯವನ್ನು ತುಂಬಲಾರೆ ಎಂದ. ವರ್ಷದಿಂದ ಬಿಗಿದಿದ್ದ ನನ್ನ ಭುಜಗಳು ಕೆಳಗಿಳಿದವು. ತಿರುಗಿದರೆ ಆಂಟಿ ಆಗಲೇ ಫ್ಲಾಸ್ಕಿನಿಂದ ಚಹಾ ಸುರಿಯುತ್ತಿದ್ದರು.

"ಎಷ್ಟ್ ಸಲ ಕಳಕೊಂಡ್ಲು?"

"ಮೂರು."

"ಹಂಗಾರ ಇನ್ನೂ ಒಂದ್ ಬಾಕಿ ಐತಿ," ಎಂದು ಲೋಟ ಕೊಟ್ಟರು.

ಊರಿಗೆ ಮರಳಿದ ಆಂಟಿ ಕಳೆದ ವರ್ಷ ಗದಗಿನಲ್ಲೇ ತೀರಿಕೊಂಡರು. ಮೊನ್ನೆ ಹ್ಯೂಸ್ಟನ್ನಿನ ಪಂದ್ಯದಲ್ಲಿ ಮಗಳು ಪಕ್ ಹಿಡಿದು ಒಬ್ಬಳೇ ಮುನ್ನುಗ್ಗಿದಾಗ "ದೂರ ಹೊಡೆದುಬಿಡು" ಎಂಬ ಕೂಗು ಗಂಟಲಿಗೆ ಬಂತು. ನನ್ನ ಮಣಿಕಟ್ಟನ್ನು ನಾನೇ ಹಿಡಿದುಕೊಂಡು, ಕಣ್ಣು ಬಿಟ್ಟು ಕೂತೆ.