ಮಾದಲಿ ತಿನ್ನಿಸಿದ ಕೈ

೨೦೦೫ರಲ್ಲಿ ನಾನು ಖಾಸಗಿ ಕನ್ನಡ ವಾಹಿನಿಯೊಂದರ ಮಕ್ಕಳ ಹಾಗೂ ಕೌಟುಂಬಿಕ ಕಾರ್ಯಕ್ರಮಗಳ ವಿಭಾಗದಲ್ಲಿ ಕಾರ್ಯಕಾರಿ ನಿರ್ಮಾಪಕಿಯಾಗಿದ್ದೆ. ಕಥೆಯ ಆಯ್ಕೆಯಿಂದ ಕಲಾವಿದರ ಊಟದವರೆಗೆ ಎಲ್ಲಕ್ಕೂ ಉತ್ತರ ಹೇಳಬೇಕಾದ ಹುದ್ದೆ ಅದು. ಆ ವರ್ಷ ನಾವು ಕೈಗೆತ್ತಿಕೊಂಡಿದ್ದ ಧಾರಾವಾಹಿಯಲ್ಲಿ ಬೀಳಗಿ ತಾಲೂಕಿನ ಮುಳುಗಡೆ ಊರಿನ ಒಬ್ಬ ಅಜ್ಜಿ, ಪುನರ್ವಸತಿ ಕೇಂದ್ರದ ಹೊಸ ಮನೆಯಲ್ಲಿ ಕುಳಿತು ಮೊಮ್ಮಗಳಿಗೆ ಹಳೆಯ ಊರಿನ ಕಥೆ ಹೇಳುತ್ತಾಳೆ. ಒಳಾಂಗಣದ ಚಿತ್ರೀಕರಣ ರಬಕವಿಯ ನೇಕಾರರೊಬ್ಬರ ಮನೆಯಲ್ಲಿ. ಹೊರಾಂಗಣ ಅನಗವಾಡಿಯ ಹಿನ್ನೀರಿನ ದಂಡೆ ಮತ್ತು ಚಿಕ್ಕಪಡಸಲಗಿ ಬ್ಯಾರೇಜಿನ ಆಸುಪಾಸಿನಲ್ಲಿ.

ನಾನು ಎರಡು ವಿಷಯಗಳಲ್ಲಿ ಪಟ್ಟು ಹಿಡಿದಿದ್ದೆ. ನಮ್ಮ ಕಿರುತೆರೆಯಲ್ಲಿ ಉತ್ತರ ಕರ್ನಾಟಕದ ಮಾತು ಕೇಳಿಬರುತ್ತಿದ್ದದ್ದು ಮನೆಯಾಳಿನ ಬಾಯಲ್ಲಿ, ಇಲ್ಲವೇ ನಗಿಸಲು ಬಂದವನ ಬಾಯಲ್ಲಿ. ಅದು ಅನ್ಯಾಯ. ಈ ಧಾರಾವಾಹಿಯ ಮುಖ್ಯ ಪಾತ್ರಗಳೇ ಆ ಕನ್ನಡ ಆಡಬೇಕು, ಮೊಮ್ಮಗಳು ಅಜ್ಜಿಯನ್ನು ಇಲ್ಲಿನ ಮಕ್ಕಳಂತೆ ‘ಆಯಿ’ ಎಂದೇ ಕರೆಯಬೇಕು ಎಂದೆ. ಎರಡನೆಯದು, ಆಯಿಯ ಪಾತ್ರಕ್ಕೆ ಬೆಂಗಳೂರಿನಿಂದ ನಟಿಯನ್ನು ತರುವುದು ಬೇಡ ಎಂದೆ.

ಹೀಗೆ ಹುಡುಕಿಕೊಂಡು ಹೋದಾಗ ಸಿಕ್ಕವರು ಬೀಳಗಿ ಕಡೆಯ ಕಲ್ಲವ್ವ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ನಾಗೇಶಿ ಹಾಡುಗಾರ್ತಿ. ತಿಳಿಯದವರಿಗಾಗಿ ಹೇಳುತ್ತೇನೆ: ಹರದೇಶಿ–ನಾಗೇಶಿ ಎಂಬುದು ಈ ಭಾಗದ ಹಾಡಿನ ಜಿದ್ದು. ಹರದೇಶಿ ಮೇಳ ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿ ಮೇಳ ಹೆಣ್ಣು ಹೆಚ್ಚೆಂದು ಹಾಡುತ್ತದೆ. ಒಬ್ಬರು ಸವಾಲು ಎಸೆದರೆ ಇನ್ನೊಬ್ಬರು ದಪ್ಪು, ತುಂತುಣಿ ವಾದ್ಯಗಳ ಜೊತೆ ನಿಂತಲ್ಲೇ ಜವಾಬು ಕಟ್ಟಬೇಕು. ಜಮಖಂಡಿ, ಮುಧೋಳ ಸೀಮೆಯಲ್ಲಿ ಕಲ್ಲವ್ವನ ಎದುರು ನಿಲ್ಲಲು ಹರದೇಶಿಯವರು ಹಿಂದೆಮುಂದೆ ನೋಡುತ್ತಿದ್ದರಂತೆ. ವಯಸ್ಸಾಗಿ ದನಿ ಒಡೆದ ಮೇಲೆ ಅವರನ್ನು ಕರೆಯುವವರು ಕಡಿಮೆಯಾಗಿದ್ದರು.

ಅವರ ಬದುಕಿನ ಇನ್ನೊಂದು ಭಾಗವನ್ನು ಮುಚ್ಚಿಡುವುದು ತಪ್ಪಾಗುತ್ತದೆ. ದಲಿತ ಕುಟುಂಬದ ಈ ಹೆಣ್ಣುಮಗಳಿಗೆ ಬುದ್ಧಿ ತಿಳಿಯುವ ಮುನ್ನವೇ ಮುತ್ತು ಕಟ್ಟಿ ದೇವರ ಹೆಸರಿನಲ್ಲಿ ಬಿಟ್ಟಿದ್ದರು. ಆ ದೇವದಾಸಿ ಪದ್ಧತಿಯನ್ನು ಕಾನೂನು ನಿಷೇಧಿಸಿ ಎರಡು ದಶಕ ಕಳೆದಿದ್ದರೂ ಅದಕ್ಕೆ ಬಲಿಯಾದವರನ್ನು ಹೀನವಾಗಿ ಕಾಣುವ ಕಣ್ಣುಗಳನ್ನು ಯಾರೂ ನಿಷೇಧಿಸಿರಲಿಲ್ಲ. ಹಿನ್ನೀರಿನಲ್ಲಿ ಮನೆ ಹೋದ ಬಳಿಕ ನಿವೇಶನ ಕೇಳಲು ಹೋದಾಗ ಮೇಜಿನ ಆಚೆಯಿದ್ದವರು ಅವರನ್ನು ಕೇಳಿದ ಮೊದಲ ಪ್ರಶ್ನೆ ‘ಯಜಮಾನರ ಹೆಸರೇನು’ ಎಂಬುದು. ‘ನಾನ ಯಜಮಾನಿ’ ಎಂದು ಹೇಳಿ ಎದ್ದುಬಂದರಂತೆ.

ಮೊದಲ ಭೇಟಿಯಲ್ಲಿ ಅವರು ನಟನೆಗೆ ಒಪ್ಪಲಿಲ್ಲ. ಮುಖಕ್ಕೆ ಬಣ್ಣ ಬಳಿದುಕೊಂಡು ಇನ್ನೊಬ್ಬರು ಬರೆದ ಮಾತು ಆಡುವುದು ಹಾಡುಗಾರ್ತಿಗೆ ಕಡಿಮೆ ಎಂದರು. ನಾನು ಕಥೆ ಹೇಳುತ್ತ ಹೋದೆ. ಆಯಿ ಮೊಮ್ಮಗಳಿಗೆ ಗೋಧಿ, ಬೆಲ್ಲದ ಸಿಹಿಪುಡಿ ಮಾದಲಿಯನ್ನು ತಿನ್ನಿಸುವ ದೃಶ್ಯಕ್ಕೆ ಬಂದಾಗ ಕೈಯೆತ್ತಿ ತಡೆದರು.

“ಆ ಕೂಸಿಗೆ ನಾ ತುತ್ತು ಹಾಕೂದು ಟೀವ್ಯಾಗ ತೋರಸ್ತೀರಿ?”

ತೋರಿಸುತ್ತೇವೆ ಎಂದೆ.

“ಹಂಗಾರ ಬರ್ತೇನಿ ಬಾಯಾರ.”

ಕಾರಣ ಕೇಳಿದಾಗ ವಿವರಿಸಿದರು. ಹಾಡಿಕೆಯ ದಿನ ಅವರ ಹಾಡು ಕೇಳಲು ಎಲ್ಲ ಜಾತಿಯ ಜನ ಮೈಗೆ ಮೈ ತಾಗಿಸಿ ಕೂರುತ್ತಿದ್ದರು. ಗೆದ್ದರೆ ಶಾಲು ಹೊದಿಸುತ್ತಿದ್ದರು. ಬೆಳಿಗ್ಗೆ ಊಟ ಮಾತ್ರ ಹೊರಗೆ, ಬೇರೆ ತಾಟಿನಲ್ಲಿ. ಮೇಲ್ಜಾತಿಯ ಮಗುವೊಂದು ತಮ್ಮ ಕೈಯಿಂದ ಉಣ್ಣುವುದನ್ನು ಆ ಮಂದಿಯೆಲ್ಲ ನೋಡಬೇಕು ಎಂಬುದು ಅವರ ಆಸೆ. ನಮ್ಮ ಧಾರಾವಾಹಿಗೆ ಅವರು ಬಂದದ್ದು ಆ ಒಂದು ತುತ್ತಿಗಾಗಿ.

ಮೊಮ್ಮಗಳ ಪಾತ್ರಕ್ಕೆ ಜಮಖಂಡಿಯ ಲಿಂಗಾಯತ ವ್ಯಾಪಾರಸ್ಥರ ಮನೆಯ ಏಳು ವರ್ಷದ ಪಲ್ಲವಿ ಆಗಲೇ ಆಯ್ಕೆಯಾಗಿದ್ದಳು; ಕಲ್ಲವ್ವನವರಿಗೂ ಅದನ್ನು ಹೇಳಿದ್ದೆ. ತಾಯಿ ಶೋಭಾ ದಿನವೂ ಜೊತೆಗೆ ಬರುತ್ತಿದ್ದರು. ಮಧ್ಯಾಹ್ನ ಮಗುವಿನ ನಿದ್ದೆ ಕೆಡಿಸಿ ಕೆಲಸ ಮಾಡಿಸಕೂಡದೆಂದು ನಾನು ನಿಯಮ ಮಾಡಿದ್ದೆ. ಯೂನಿಟ್ಟಿನವರು ಗೊಣಗುತ್ತಿದ್ದರು, ಗೊಣಗಲಿ.

ಕೆಲಸದಲ್ಲಿ ಕಲ್ಲವ್ವನವರಿಂದ ನಮಗೆ ನಿಜವಾದ ತೊಂದರೆಯೇ ಆಯಿತು. ಅವರ ಮೇಳದ ನಿಯಮದಲ್ಲಿ ಒಮ್ಮೆ ಕೊಟ್ಟ ಜವಾಬನ್ನು ಮತ್ತೆ ಕೊಟ್ಟರೆ ಸೋತಂತೆ. ಹಾಗಾಗಿ ಪ್ರತಿ ಟೇಕಿಗೂ ಸಂಭಾಷಣೆ ಬದಲಾಗುತ್ತಿತ್ತು. ಬೇರೆ ಬೇರೆ ಟೇಕುಗಳ ತುಣುಕುಗಳನ್ನು ಜೋಡಿಸುವ ಸಂಕಲನಕಾರನಿಗೆ ಇದು ತಲೆನೋವು. ಬೆಂಗಳೂರಿನಿಂದ ಬಂದಿದ್ದ ನಮ್ಮ ತರುಣ ನಿರ್ದೇಶಕ ‘ಅದನ್ನೇ ಹೇಳಿ ಅಮ್ಮಾ’ ಎಂದು ಬೇಡಿಕೊಂಡರೆ, ‘ಅದನ್ನ ಹೇಳಿ ಆತಲ್ಲೋ ತಮ್ಮಾ, ನಿನಗ ಕೇಳ್ಸಲಿಲ್ಲೇನು’ ಎನ್ನುತ್ತಿದ್ದರು. ಕೊನೆಗೆ ಎರಡು ಕ್ಯಾಮೆರಾ ಇಟ್ಟು ಒಂದೇ ಟೇಕಿನಲ್ಲಿ ಮುಗಿಸುವ ಏರ್ಪಾಡು ಮಾಡಿಕೊಂಡೆವು. ಪಲ್ಲವಿಗೆ ಮಾತ್ರ ಈ ಆಯಿ ಬಹಳ ಹಿಡಿಸಿದ್ದರು. ಬಿಡುವಿನಲ್ಲಿ ಅವರ ತೊಡೆಯ ಮೇಲೆ ಕುಳಿತು ಅವರ ಕೈಯಿಂದಲೇ ಶೇಂಗಾ ಹೋಳಿಗೆ ತಿನ್ನುತ್ತಿದ್ದಳು. ಶೋಭಾ ನೋಡಿಯೂ ಸುಮ್ಮನಿರುತ್ತಿದ್ದರು.

ಆದ್ದರಿಂದ ಮಾದಲಿ ದೃಶ್ಯದ ದಿನ ಬೆಳಿಗ್ಗೆ ಶೋಭಾ ನನ್ನನ್ನು ಪಕ್ಕಕ್ಕೆ ಕರೆದು ಅದನ್ನು ಚಿತ್ರೀಕರಿಸುವುದು ಬೇಡ ಎಂದಾಗ ನನಗೆ ಅರ್ಥವಾಗಲಿಲ್ಲ. ದಿನವೂ ತಿನ್ನುತ್ತಾಳಲ್ಲ ಎಂದೆ.

“ಇಲ್ಲಿ ತಿಂದ್ರ ನನ್ನದೇನ್ ಅಡ್ಡಿಲ್ರಿ ಮೇಡಂ. ಟೀವ್ಯಾಗ ಇಡೀ ಓಣಿ ನೋಡತೈತಿ. ನಮ್ಮ ಅತ್ತಿಯವರು ನೋಡತಾರ.”

ಇದು ಅಸ್ಪೃಶ್ಯತೆ, ಕಾನೂನಿನ ಕಣ್ಣಿನಲ್ಲಿ ಅಪರಾಧ ಎಂದು ನೇರವಾಗಿಯೇ ಹೇಳಿದೆ. ಆಕೆ ತಲೆ ತಗ್ಗಿಸಿದರು, ಆದರೆ ಮಾತು ಬದಲಿಸಲಿಲ್ಲ. ಬೇಕಾದರೆ ಮಗುವನ್ನು ಕರೆದುಕೊಂಡು ಹೋಗುವುದಾಗಿ ಹೇಳಿದರು. ನಿರ್ದೇಶಕನಿಗೆ ಇದು ಸಮಸ್ಯೆಯಾಗಿಯೇ ಕಾಣಲಿಲ್ಲ. ಆಯಿಯ ಮುಖ ಒಂದು ಶಾಟ್, ತುತ್ತಿಡುವ ಕೈ ಇನ್ನೊಂದು ಕ್ಲೋಸಪ್. ಕೈಗೆ ಡೂಪ್ ಹಾಕಿದರಾಯಿತು, ಅಂದರೆ ಬೇರೆಯವರ ಕೈ ತೋರಿಸಿದರಾಯಿತು ಎಂದ. ಶೋಭಾ ತಮ್ಮ ಕೈಯನ್ನೇ ಕೊಡುತ್ತೇನೆಂದರು. ಎಷ್ಟು ಸಲೀಸು. ಹಳ್ಳಿಯಲ್ಲಿ ಬೇರೆ ತಾಟು ಇಟ್ಟು ಮಾಡುತ್ತಿದ್ದುದನ್ನು ನಾವು ಕ್ಯಾಮೆರಾ ಇಟ್ಟು ಮಾಡಲು ಹೊರಟಿದ್ದೆವು. ನೋಡುವವರಿಗೆ ಗೊತ್ತೂ ಆಗುತ್ತಿರಲಿಲ್ಲ.

ನಾನು ಒಪ್ಪುವುದಿಲ್ಲವೆಂದು ಎಲ್ಲರೆದುರು ಹೇಳಿ, ಕಲ್ಲವ್ವನವರಿಗೂ ವಿಷಯ ತಿಳಿಸಿದೆ. ಅವರು ಅಲ್ಲಿಂದ ಎದ್ದುಹೋಗುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮ ಬಲಗೈ ಚಾಚಿ, ಹಿಂದಿನ ಕಂತುಗಳಲ್ಲೆಲ್ಲ ಆ ಕೈ ಕಂಡಿದೆ, ಮುಂಗೈತುಂಬ ತುಳಸಿಕಟ್ಟೆಯ ಹಚ್ಚೆ ಇದೆ, ಅದನ್ನು ಎಲ್ಲಿಂದ ತರುತ್ತೀರಿ ಎಂದು ನಿರ್ದೇಶಕನನ್ನು ಕೇಳಿದರು. ಮಾತು ಸರಿಯಾಗಿತ್ತು. ಒಂದು ಶಾಟಿನಲ್ಲಿ ಕಂಡ ಗುರುತು ಮುಂದಿನ ಶಾಟಿನಲ್ಲೂ ಇರಬೇಕು. ಇದನ್ನೇ ನಾವು ಕಂಟಿನ್ಯುಯಿಟಿ ಎನ್ನುವುದು. ಬನಹಟ್ಟಿಯ ಮೇಕಪ್ ಕಲಾವಿದ ದಸ್ತಗೀರ್, ಬಣ್ಣದಲ್ಲಿ ಬರೆಯುತ್ತೇನೆ, ಆದರೆ ಎರಡೂ ಕೈ ಪಕ್ಕಪಕ್ಕ ಇರಬೇಕು ಎಂದ. “ಬರಿಯಪಾ. ಈಕಿ ಬಾಜೂಕ ಕುಂದರತೀನಿ” ಎಂದು ಕಲ್ಲವ್ವ ಚಾಪೆಯ ಮೇಲೆ ಕುಳಿತೇಬಿಟ್ಟರು. ನಿಲ್ಲಿಸಲು ನೋಡಿದ ನನಗೆ, ಇರಲಿ ಬಿಡಿ ಎಂದು ಕೈಸನ್ನೆ ಮಾಡಿದರು.

ಅವಸರವೂ ಇರಲಿಲ್ಲ. ಸುತ್ತಲ ಮನೆಗಳಲ್ಲಿ ಪವರ್‌ಲೂಮಿನ ಖಟಖಟ ಸದ್ದು ನಡೆದಿರುವಾಗ ಧ್ವನಿ ಮುದ್ರಿಸಲಾಗದು. ದಿನವೂ ನಿಗದಿತ ಹೊತ್ತಿಗೆ ಕರೆಂಟು ಹೋಗಿ ಮಗ್ಗಗಳು ನಿಂತಾಗ ನಮ್ಮ ಜನರೇಟರ್ ಹಚ್ಚಿ ಚಿತ್ರೀಕರಿಸುವುದು ರಬಕವಿಯಲ್ಲಿ ನಾವು ಕಂಡುಕೊಂಡಿದ್ದ ದಾರಿ. ಅಂದು ಕರೆಂಟು ಹೋಗಲು ಇನ್ನೂ ಹೊತ್ತಿತ್ತು. ಇಬ್ಬರು ಹೆಂಗಸರು ತೋಳಿಗೆ ತೋಳು ತಾಗಿಸಿ ಕುಳಿತರು. ನಾನು ಅಲ್ಲೇ ಇದ್ದೆ.

“ಅಲಗಾಡಬ್ಯಾಡ್ರಿ, ತುಳಸಿಕಟ್ಟಿ ಸೊಟ್ಟ ಆಗತೈತಿ” ಎಂದ ದಸ್ತಗೀರ್.

“ಆಗ್ಲಿ ಬಿಡು. ನಂದೂ ಸೊಟ್ಟನ ಐತಿ. ನಾ ಅಳೂದ ನೋಡಿ ಹಚ್ಚಿ ಹಾಕಾಕಿ ಅರ್ಧಕ್ಕ ಎದ್ದ ಹೋಗಿದ್ಳು” ಎಂದರು ಕಲ್ಲವ್ವ. ಆಮೇಲೆ ಶೋಭಾ ಕಡೆಗೆ ತಿರುಗಿ, ತಮ್ಮ ಹಾಡಿಕೆ ಎಂದಾದರೂ ಕೇಳಿದ್ದೀಯಾ ಎಂದರು.

ಶೋಭಾ ಕೇಳಿದ್ದರಂತೆ. ಮುಧೋಳದ ತವರುಮನೆಯ ಮುಂದೆಯೇ ಹಾಡಿಕೆ ನಡೆದಾಗ, ಮಾಳಿಗೆಯ ಮೇಲೆ ಕುಳಿತು; ಹೆಣ್ಣುಮಕ್ಕಳು ಕೆಳಗೆ ಬರುವಂತಿರಲಿಲ್ಲ.

“ಯಾರ ಗೆದ್ರ ಅವತ್ತ?”

“ನೀವರಿ.”

“ಮಾಳಗಿ ಮ್ಯಾಲ ಇದ್ದಾಕಿಗೆ ಹೆಂಗ ಗೊತ್ತಾತು?”

“ನಮ್ಮಪ್ಪ ಉಣಲಾರದ ಮಲಗಿದ್ರಿ.”

ಕಲ್ಲವ್ವ ಜೋರಾಗಿ ನಕ್ಕರು. ದಸ್ತಗೀರನ ಕುಂಚ ಜಾರಿತು. ನಗು ನಿಂತ ಮೇಲೆ ಮೆಲ್ಲಗೆ ಹೇಳಿದರು: “ನಿಮ್ಮಪ್ಪ ಉಪಾಸ ಮಲಗಿದ್ರೂ ನನಗ ಉಣ್ಣಾಕ ನೀಡಿದ್ರವಾ. ದನದ ಕೊಟಗ್ಯಾಗ.”

ಶೋಭಾ ತಮ್ಮ ತೋಳನ್ನು ಸರಿಸಿಕೊಳ್ಳಲಿಲ್ಲ.

ಕರೆಂಟು ಹೋಯಿತು, ಮಗ್ಗಗಳು ನಿಂತವು. ಕಲ್ಲವ್ವನವರೇ ಬಿಡಿ ಎಂದಿದ್ದರಿಂದ ನಾನು ವಿರೋಧವನ್ನಷ್ಟೇ ದಾಖಲಿಸಿದೆ; ನಿರ್ದೇಶಕ ಶಾಟ್ ಇಟ್ಟ. ಚೌಕಟ್ಟಿನ ಹೊರಗೆ ಕುಳಿತ ಶೋಭಾ, ಹಚ್ಚೆ ಬರೆದ ಕೈಯಿಂದ ಹಾಲು ಕಲಸಿದ ಮಾದಲಿಯ ತುತ್ತನ್ನು ಮಗಳ ಬಾಯಿಗೆ ಒಯ್ದರು. ಪಲ್ಲವಿ ಆಯಿಯತ್ತ ನೋಡಬೇಕಿತ್ತು. ಆಕೆ ಬಾಯಿ ತೆರೆದು ನೋಡಿದ್ದು ತಾಯಿಯನ್ನು. ಮತ್ತೆ ತೆಗೆದರು, ಮತ್ತೆ ಹಾಗೆಯೇ. ಕೈ ಯಾರದೋ, ಕಣ್ಣು ಅವರ ಕಡೆಗೇ ಹೋಗುವುದು ಸಹಜ. ಆ ನೋಟ ತಪ್ಪಿದರೆ ಎರಡು ಶಾಟುಗಳನ್ನು ಜೋಡಿಸಲು ಬರುವುದಿಲ್ಲ. ನಿರ್ದೇಶಕ ದನಿ ಏರಿಸಿದ. ಮಗುವಿನ ತುಟಿ ಅದುರತೊಡಗಿತು. ನಾನು ಕ್ಯಾಮೆರಾ ನಿಲ್ಲಿಸಿ ಎಂದೆ.

ಆಗ ಶೋಭಾ ಎದ್ದು ಬಟ್ಟಲನ್ನು ಕಲ್ಲವ್ವನವರ ಕೈಗೆ ಕೊಟ್ಟರು.

“ನೀವ ತಿನಸ್ರಿ ಆಯಿ. ಆಕಿ ದಿನಾ ನಿಮ್ಮ ಕೈಯಾಗಿಂದ ತಿಂತಾಳ.”

ನಂತರ ನನ್ನೆಡೆಗೆ ತಿರುಗಿದರು. “ಆದ್ರ ಕೈ ಅಷ್ಟ ಕಾಣೂಹಂಗ ತೆಗೀರಿ ಮೇಡಂ. ಮನ್ಯಾಗ ನನ್ನ ಕೈ ಅಂತ ಹೇಳ್ತೇನಿ.” ಬಣ್ಣದ ಹಚ್ಚೆಯ ತೋಳನ್ನು ಎತ್ತಿ ತೋರಿಸಿದರು. ಅದನ್ನು ತೊಳೆಯದೆ ಹಾಗೆಯೇ ಊರಿಗೆ ಹೋಗುವ ವಿಚಾರ ಅವರದು.

ನಾನು ಆಗದು ಎಂದೆ. ಕಲ್ಲವ್ವನವರ ಮುಖ, ಕೈ, ಮಗುವಿನ ಬಾಯಿ ಮೂರೂ ಒಂದೇ ಚೌಕಟ್ಟಿನಲ್ಲಿ, ನಡುವೆ ಒಂದೂ ಕತ್ತರಿ ಬೀಳದಂತೆ ತೆಗೆಯಬೇಕು. ಸುಳ್ಳಿಗೆ ಜಾಗವೇ ಇರಬಾರದು. ನಿರ್ಧಾರ ನನ್ನ ಕೈಯಲ್ಲಿತ್ತು. ನನ್ನ ವಾದ ಸರಿಯೆಂದು ಇಂದಿಗೂ ನಂಬಿದ್ದೇನೆ. ತಡೆದವರು ಕಲ್ಲವ್ವ.

“ಬಾಯಾರ, ನೀವು ಮುಂದಿನ ವಾರ ಬೆಂಗಳೂರಾಗ ಇರ್ತೀರಿ. ಅತ್ತಿ ಮುಂದ ನಿಲ್ಲಾಕಿ ಈಕಿ.”

ಊರೆಲ್ಲ ನೋಡಲಿ ಎಂದೇ ನೀವು ಬಂದದ್ದಲ್ಲವೇ ಎಂದು ನೆನಪಿಸಿದೆ.

“ಹೌದು. ಸವಾಲ ಹಾಕಿದ್ರ ಜವಾಬ ಕೊಡ್ತಿದ್ನಿ. ಈಕಿ ಸವಾಲ ಎಲ್ಲಿ ಹಾಕ್ಯಾಳ? ಕೇಳ್ಕೊಳ್ಳಾಕತ್ತಾಳ. ಕೈ ನಂದ ಇರತೈತಿ, ಸಾಕು.”

ಕೈಯಷ್ಟೇ ಕಾಣುವಂತೆ ತೆಗೆದೆವು. ಪಲ್ಲವಿಯ ನೋಟ ಇರಬೇಕಾದಲ್ಲಿಯೇ ಇತ್ತು. ಒಂದೇ ಟೇಕ್. ಬರೆದುಕೊಟ್ಟ ಸಂಭಾಷಣೆಯನ್ನು ಕಲ್ಲವ್ವ ಹೇಳಲೇ ಇಲ್ಲ. ‘ಉಣ್ಣವಾ’ ಎಂದರು, ಅಷ್ಟೆ.

ಕಂತು ಪ್ರಸಾರವಾಯಿತು. ಶೋಭಾ ಹೇಳಿದ್ದನ್ನು ಜಮಖಂಡಿಯ ಅವರ ಓಣಿ ನಂಬಿತು. ತಾಯಿ ಎಷ್ಟು ಜಾಣತನದಿಂದ ಮಡಿ ಕಾಪಾಡಿಕೊಂಡಳೆಂದು ಕೆಲವರು ಹೊಗಳಿದರಂತೆ. ಇತ್ತ ಬೀಳಗಿ ಕಡೆ ಕಲ್ಲವ್ವ ಆ ಕೈ ತಮ್ಮದೆಂದು ಹೇಳಿದರೆ, ಕೈಗೆ ಡೂಪ್ ಹಾಕಿದ ಸುದ್ದಿ ಆಗಲೇ ತಲುಪಿದ್ದರಿಂದ, ಜನ ನಕ್ಕುಬಿಡುತ್ತಿದ್ದರು. ಮುಂದೆ ಅವರು ಇನ್ನೂ ಎರಡು ಕೌಟುಂಬಿಕ ಧಾರಾವಾಹಿಗಳಲ್ಲಿ ಅಭಿನಯಿಸಿದರು. ನಾನು ನಿರ್ಮಾಣ ವಹಿಸಿಕೊಂಡ ಕಡೆಯಲ್ಲೆಲ್ಲ ಒಂದು ಷರತ್ತು ಹಾಕಿದೆ: ಮುಟ್ಟುವ, ಉಣ್ಣುವ, ಉಣಿಸುವ ದೃಶ್ಯಗಳಿಗೆ ಡೂಪ್ ಇಲ್ಲ, ಒಪ್ಪದವರು ಆರಂಭದಲ್ಲೇ ಹೇಳಬೇಕು.

ಅನ್ಯಾಯ ಕಂಡಲ್ಲಿ ಅದನ್ನು ಹೆಸರಿಟ್ಟು ಕರೆಯಬೇಕೆಂದು ನಾನು ಬೆಳೆದ ಹೋರಾಟದ ಸಂಘಟನೆ ಕಲಿಸಿತ್ತು. ಆ ಪಾಠವನ್ನು ನಾನು ಬಿಟ್ಟಿಲ್ಲ. ಹೆಸರಿಡುವವರು ಒಬ್ಬರು, ಅದರ ಬೆಲೆ ತೆರುವವರು ಇನ್ನೊಬ್ಬರು ಆದಾಗ, ಬೆಲೆ ತೆರುವವರ ಒಪ್ಪಿಗೆಗೆ ಕಾಯುವುದೂ ಹೋರಾಟದ ಭಾಗವೇ ಎಂಬುದನ್ನು ಈ ಉದ್ಯೋಗ ಕಲಿಸಿತು. ಅದಕ್ಕಾಗಿಯೇ ಈ ಪ್ರಸಂಗವನ್ನು ಇಷ್ಟು ವರ್ಷ ಎಲ್ಲಿಯೂ ಬರೆದಿರಲಿಲ್ಲ.

ಈಚೆಗೆ ಶೋಭಾ ತಾವಾಗಿಯೇ ಫೋನ್ ಮಾಡಿದರು. ನಿವೃತ್ತಿಯ ನಂತರ ನಾನು ಅನುಭವಗಳನ್ನು ಬರೆಯುತ್ತಿದ್ದೇನೆಂದು ಪಲ್ಲವಿಯಿಂದ ತಿಳಿದಿತ್ತಂತೆ. ಆ ಕೈ ಯಾರದೆಂದು ಬರೆಯಿರಿ, ಕಲ್ಲವ್ವ ಆಯಿ ಇರುವಾಗಲೇ ಬರೆಯಿರಿ ಎಂದರು. ‘ನಿಮ್ಮ ಅತ್ತೆಯವರು…’ ಎಂದು ನಾನು ಹಿಂಜರಿದೆ.

“ಅದಾರ್ರಿ. ಕಣ್ಣ ಕಾಣಸಂಗಿಲ್ಲ. ದಿನಾ ಪೇಪರ ನಾನ ಓದಿ ಹೇಳ್ತೇನಿ. ಇದನ್ನೂ ನಾನ ಓದಿ ಹೇಳ್ತೇನಿ.”